ಕುದ್ಮುಲ್ ರಂಗರಾಯರ ಮೊಮ್ಮಗ, ಭಾರತದ ದಂಡನಾಯಕ!

1942ರ ಮೇ 27ರ ಬೆಳಗು. ಲಿಬಿಯಾದ ಮರಳುಗಾಡು. ಬೀರ್ ಹಕೀಮ್ ಎಂಬ ಹಳೇ ಠಾಣೆಯಿಂದ ಆಗ್ನೇಯಕ್ಕೆ ಕೆಲವೇ ಮೈಲಿ ಆಚೆ, ನಕಾಶೆಯಲ್ಲಿ ‘171’ ಎಂಬ ಅಂಕಿ ಬಿಟ್ಟರೆ ಬೇರೆ ಹೆಸರೇ ಇಲ್ಲದ ಒಂದು ಜಾಗ. ಮರವಿಲ್ಲ, ನೆರಳಿಲ್ಲ, ಮರೆಗೆ ನಿಲ್ಲಲು ಏನೂ ಇಲ್ಲ. ಭಾರತದ 3ನೇ ಮೋಟಾರ್ ಬ್ರಿಗೇಡ್ ಅಲ್ಲಿ ಬೀಡುಬಿಟ್ಟಿದೆ. ರಾತ್ರಿಯಿಡೀ ಜರ್ಮನ್ ಸೇನಾನಿ ರೊಮೆಲ್‌ನ ಸೈನ್ಯ ದಕ್ಷಿಣದಿಂದ ದೊಡ್ಡ ಸುತ್ತು ಹಾಕಿಕೊಂಡು ಬಂದಿದೆ. ಬೆಳಗಿನ ಆರೂವರೆಯ ಹೊತ್ತಿಗೆ ಇಟಲಿಯ ಅರಿಯೆತೆ ಡಿವಿಷನ್ನಿನ ಟ್ಯಾಂಕುಗಳು ನೇರವಾಗಿ ಈ ಬ್ರಿಗೇಡಿನ ಮೇಲೆ ನುಗ್ಗುತ್ತವೆ!

ಎದುರಿಗೆ ನಿಂತದ್ದು 2ನೇ ಫೀಲ್ಡ್ ರೆಜಿಮೆಂಟಿನ 25 ಪೌಂಡರ್ ಫಿರಂಗಿಗಳು. ಟ್ಯಾಂಕಿನ ಮುಖಕ್ಕೆ ಗುರಿಯಿಡುವುದು ಈ ಫಿರಂಗಿಯ ಮುಖ್ಯ ಕೆಲಸವಲ್ಲ. ಹನ್ನೊಂದು ಕಿಲೋಗೂ ಮಿಕ್ಕಿದ ಗುಂಡನ್ನು ಆಕಾಶಕ್ಕೆ ಎತ್ತಿ ಹನ್ನೆರಡು ಕಿಲೋಮೀಟರ್ ಆಚೆ ಇಳಿಸುವುದು ಅದರ ಕೆಲಸ. ಗುಂಡು ಬೀಳುವ ಜಾಗ ಫಿರಂಗಿಯವನ ಕಣ್ಣಿಗೆ ಕಾಣುವುದೇ ಇಲ್ಲ. ಎಲ್ಲೋ ಮುಂದೆ ಕೂತ ಅಧಿಕಾರಿ ನೋಡಿ ಹೇಳಬೇಕು. ಅಂಥ ಫಿರಂಗಿಯ ನಳಿಗೆಯನ್ನು ನೆಲಕ್ಕೆ ಸಮವಾಗಿ ಇಳಿಸಿ, ನಳಿಗೆಯ ನೇರಕ್ಕೇ ಕಣ್ಣಿಟ್ಟು, ಎದುರು ಬರುತ್ತಿರುವ ಟ್ಯಾಂಕಿಗೆ ಹೊಡೆಯಬೇಕಾಗಿ ಬಂದರೆ ಅದಕ್ಕೆ ಒಂದೇ ಅರ್ಥ: ಶತ್ರು ಮೈಮೇಲೆ ಬಂದಾಗಿದೆ. ಒಂದು ಫಿರಂಗಿಗೆ ಆರು ಜನ. ಗುಂಡು ತುಂಬುವವನು ಬಿದ್ದರೆ ಪಕ್ಕದವನು ತುಂಬಬೇಕು, ಅವನೂ ಬಿದ್ದರೆ ಗುರಿಯಿಡುವವನೇ ತುಂಬಿಕೊಳ್ಳಬೇಕು. ಅವತ್ತು ಹಾಗೆಯೇ ನಡೆಯಿತು. ಠಾಣೆ ಉಳಿಯಲಿಲ್ಲ. ಆದರೆ ಬೀಳುವ ಮುಂಚೆ ಅರಿಯೆತೆಯ ಟ್ಯಾಂಕುಗಳು ಸಾಲುಸಾಲಾಗಿ ಹೊತ್ತಿ ಉರಿದವು. ಆ ಫಿರಂಗಿ ರೆಜಿಮೆಂಟು ಇವತ್ತಿಗೂ ‘ಪಾಯಿಂಟ್ 171’ ಎಂಬ ಬಿರುದನ್ನು ಹೊತ್ತಿದೆ.

ಆ ರೆಜಿಮೆಂಟಿನಲ್ಲಿ ಇನ್ನೂ ಇಪ್ಪತ್ತೊಂಬತ್ತು ತುಂಬದ ಒಬ್ಬ ಭಾರತೀಯ ಮೇಜರ್ ಇದ್ದರು. ಆ ದಿನದ ಶೌರ್ಯಕ್ಕೆ ಅವರಿಗೆ ಡಿಎಸ್‌ಒ ಪದಕ ಬಂತು. ಹೆಸರು ಪರಮಶಿವ ಪ್ರಭಾಕರ ಕುಮಾರಮಂಗಲಂ. ತಮಿಳುನಾಡಿನ ತಿರುಚೆಂಗೋಡು ಸೀಮೆಯ ಜಮೀನ್ದಾರಿ ಮನೆತನ. ಅಲ್ಲಿಗೆ ನಮಗೇನು ಸಂಬಂಧ ಎಂದು ಪುಟ ತಿರುವಬೇಡಿ. ಈ ಮೇಜರರ ತಾಯಿ ಮಂಗಳೂರಿನವರು. ತಾಯಿಯ ತಂದೆ, ಅಂದರೆ ಇವರ ಅಜ್ಜ, ಬೇರೆ ಯಾರೂ ಅಲ್ಲ, ಕುದ್ಮುಲ್ ರಂಗರಾಯರು!

ಈ ಸಂಗತಿ ನನ್ನ ಕಣ್ಣಿಗೆ ಬಿದ್ದಾಗ ಕೂತಲ್ಲಿ ಕೂರಲಾಗಲಿಲ್ಲ. ದೇಶದ ಸೈನ್ಯದ ಚುಕ್ಕಾಣಿ ಹಿಡಿದ ನಮ್ಮವರು ಯಾರೆಂದು ಕೇಳಿದರೆ ಶಾಲೆಯ ಮಕ್ಕಳೂ ಕಾರ್ಯಪ್ಪ, ತಿಮ್ಮಯ್ಯ ಅನ್ನುತ್ತಾರೆ. ಕೊಡಗಿನ ಆ ಇಬ್ಬರ ಹೆಸರು ನಮಗೆ ಬಾಯಿಪಾಠ. ಆದರೆ 1966ರ ಜೂನ್‌ನಿಂದ ಮೂರು ವರ್ಷ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದವರ ಮೈಯಲ್ಲಿ ಮಂಗಳೂರಿನ ರಕ್ತ ಹರಿಯುತ್ತಿತ್ತು, ಅದೂ ದಲಿತರ ಮಕ್ಕಳಿಗೆ ಅಕ್ಷರ ಕೊಟ್ಟ ರಂಗರಾಯರ ರಕ್ತ, ಎಂಬುದನ್ನು ಎಷ್ಟು ಜನ ಬಲ್ಲರು?

ಮೊದಲು ಅಜ್ಜನ ವಿಷಯಕ್ಕೆ ಬರಬೇಕು, ಯಾಕೆಂದರೆ ಬೇರು ಅಲ್ಲಿದೆ. 1859ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ರಂಗರಾಯರು ಮಂಗಳೂರಿನಲ್ಲಿ ವಕೀಲಿ ಮಾಡಿದರು. ಸಾರಸ್ವತ ಬ್ರಾಹ್ಮಣರು, ಬ್ರಹ್ಮಸಮಾಜ ಸೇರಿದವರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ಊರು ಮುಟ್ಟಲೊಲ್ಲದ ಮಕ್ಕಳಿಗೆ ಶಾಲೆ ತೆರೆದರು, ಮಧ್ಯಾಹ್ನದ ಊಟ ಕೊಟ್ಟರು, ಕೈಕಸುಬು ಕಲಿಸಿದರು. ಸ್ವಂತ ಜಾತಿಯವರೇ ಬಹಿಷ್ಕಾರ ಹಾಕಿದರು. ರಂಗರಾಯರು ಹಿಂದೆ ಸರಿಯಲಿಲ್ಲ. ತಮ್ಮ ಶಾಲೆಯಲ್ಲಿ ಓದಿದ ದಲಿತ ಹುಡುಗನೊಬ್ಬ ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಹೋಗುವಾಗ ಎದ್ದ ಧೂಳು ತಮ್ಮ ತಲೆಯ ಮೇಲೆ ಬಿದ್ದರೆ ಜನ್ಮ ಸಾರ್ಥಕ ಎಂಬ ಅವರ ಆಸೆಯನ್ನು ಕರಾವಳಿಯ ಜನ ಈಗಲೂ ನೆನೆಯುತ್ತಾರೆ. 1928ರ ಜನವರಿಯಲ್ಲಿ ಅವರು ತೀರಿಕೊಂಡಾಗ ಈ ಮೊಮ್ಮಗನಿಗೆ ಹದಿನಾಲ್ಕು ವರ್ಷ. ಮಂಗಳೂರಿನ ಪುರಭವನಕ್ಕೆ ಇಂದು ಅಜ್ಜನದೇ ಹೆಸರು.

ಮಗಳು ರಾಧಾಬಾಯಿ. ಚಿಕ್ಕ ವಯಸ್ಸಿನಲ್ಲೇ ವಿಧವೆಯಾದರು. ಆ ಕಾಲದ ಸಾರಸ್ವತ ಮನೆಯಲ್ಲಿ ಅಂಥ ಹುಡುಗಿಯ ಮುಂದಿದ್ದ ದಾರಿ ಒಂದೇ: ಒಳಮನೆಯ ಕತ್ತಲು. ರಂಗರಾಯರು ಮಗಳನ್ನು ಓದಿಸಿದರು. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದಲ್ಲಿತ್ತಲ್ಲ, ರಾಧಾಬಾಯಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದರು, ಮುಂದೆ ಆಕ್ಸ್‌ಫರ್ಡಿನ ಸಾಮರ್‌ವಿಲ್ ಕಾಲೇಜಿಗೂ ಹೋದರು. 1912ರಲ್ಲಿ ಮರುಮದುವೆ, ಅದೂ ಜಾತಿ ಮೀರಿ! ವರ ಗೌಂಡರ್ ಸಮುದಾಯದ ಕುಮಾರಮಂಗಲಂ ಜಮೀನ್ದಾರರಾದ ಪಿ. ಸುಬ್ಬರಾಯನ್. ವಿಧವಾ ವಿವಾಹ ಒಂದು, ಅಂತರ್ಜಾತಿ ವಿವಾಹ ಇನ್ನೊಂದು. ಊರಿಗೆಲ್ಲ ಬುದ್ಧಿ ಹೇಳಿ ಮನೆಯಲ್ಲಿ ಬೇರೆಯೇ ನಡೆಯುವ ಸುಧಾರಕರ ನಡುವೆ, ರಂಗರಾಯರು ತಮ್ಮ ಮನೆಯಿಂದಲೇ ಶುರುಮಾಡಿದರು. ಮರುವರ್ಷ, 1913ರ ಜುಲೈ 1ರಂದು, ಪ್ರಭಾಕರ ಹುಟ್ಟಿದ. ನೂರಾರು ವರ್ಷಗಳ ಎರಡು ಕಟ್ಟಳೆ ಮುರಿದು ಹುಟ್ಟಿದ ಮಗು ಅದು.

ತಂದೆ ಸುಬ್ಬರಾಯನ್ 1926ರ ಡಿಸೆಂಬರಿನಲ್ಲಿ ಮದರಾಸು ಪ್ರಾಂತ್ಯದ ಮುಖ್ಯಮಂತ್ರಿಯಾದರು. 1930ರವರೆಗೂ ಆ ಗದ್ದುಗೆಯಲ್ಲಿದ್ದರು. ಆಗ ಮದರಾಸು ಪ್ರಾಂತ್ಯ ಎಂದರೆ ಮಂಗಳೂರು, ಬಳ್ಳಾರಿ, ಕೊಳ್ಳೇಗಾಲ ಎಲ್ಲವೂ ಸೇರಿತ್ತು ಎಂಬುದನ್ನು ಮರೆಯಬಾರದು. ಅಳಿಯನ ಆಡಳಿತದಲ್ಲಿ ಮಾವನ ಊರೂ ಇತ್ತು! 1932ರಲ್ಲಿ ಅವರು ಮದರಾಸಿನ ಶಾಸನಸಭೆಯಲ್ಲಿ ದಲಿತರ ದೇವಾಲಯ ಪ್ರವೇಶಕ್ಕಾಗಿ ಮಸೂದೆ ತಂದರು. ವೈಸರಾಯ್ ಒಪ್ಪಿಗೆ ಕೊಡಲಿಲ್ಲ. ಆದರೂ ಮಾವ ಮಂಗಳೂರಿನ ಮಣ್ಣಿನಲ್ಲಿ ಬಿತ್ತಿದ್ದು ಅಳಿಯನ ಕೈಯಲ್ಲಿ ಕಾನೂನಿನ ಕರಡಾಗಿ ಬಂತಲ್ಲ! ಕ್ರಿಕೆಟ್ ಪ್ರಿಯರಿಗೆ ಇನ್ನೊಂದು ಮಾತು: ಇದೇ ಸುಬ್ಬರಾಯನ್ ಬಿಸಿಸಿಐಗೂ ಅಧ್ಯಕ್ಷರಾಗಿದ್ದರು.

ತಾಯಿ ಸುಮ್ಮನೆ ಕೂತವರಲ್ಲ. 1930ರಲ್ಲಿ ಲಂಡನ್ನಿನ ಮೊದಲ ದುಂಡುಮೇಜಿನ ಪರಿಷತ್ತಿಗೆ ಹೋದ ಭಾರತೀಯ ಪ್ರತಿನಿಧಿಗಳಲ್ಲಿ ಹೆಂಗಸರು ಇಬ್ಬರೇ. ಒಬ್ಬರು ಲಾಹೋರಿನ ಬೇಗಂ ಶಾಹ್ ನವಾಜ್, ಇನ್ನೊಬ್ಬರು ನಮ್ಮ ರಾಧಾಬಾಯಿ. ಅದೇ ಮೇಜಿನ ಸುತ್ತ ಡಾ. ಅಂಬೇಡ್ಕರರೂ ಇದ್ದರು. ಮಹಿಳೆಯರಿಗೆ ಶಾಸನಸಭೆಗಳಲ್ಲಿ ಸ್ಥಾನ ಕಾದಿರಿಸಬೇಕೆಂದು ರಾಧಾಬಾಯಿ ಅಂದೇ ವಾದಿಸಿದರು. 1938ರಲ್ಲಿ ಅವರು ದೆಹಲಿಯ ಕೌನ್ಸಿಲ್ ಆಫ್ ಸ್ಟೇಟ್‌ಗೆ, ಅಂದರೆ ಆಗಿನ ಮೇಲ್ಮನೆಗೆ, ಆಯ್ಕೆಯಾದ ಮೊಟ್ಟಮೊದಲ ಮಹಿಳೆ. ಮಂಗಳೂರಿನ ಮಗಳು! ಅವರಿಗೂ ನಾವು ಸಲ್ಲಿಸಬೇಕಾದಷ್ಟು ಗೌರವ ಸಲ್ಲಿಸಿಲ್ಲ, ಈ ಮಾತನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ.

ಮುಖ್ಯಮಂತ್ರಿ ಅಪ್ಪ, ಮೇಲ್ಮನೆಯ ಸದಸ್ಯೆ ಅಮ್ಮ. ಮಕ್ಕಳು ನಾಲ್ವರು: ಪ್ರಭಾಕರ, ಗೋಪಾಲ, ಮೋಹನ, ಪಾರ್ವತಿ. ಮೋಹನ ಕೇಂಬ್ರಿಜ್‌ಗೆ ಹೋಗಿ ಅಲ್ಲಿನ ಚರ್ಚಾಕೂಟದ ಅಧ್ಯಕ್ಷನಾದ, ಕಮ್ಯುನಿಸ್ಟನಾಗಿ ಮರಳಿದ. ಪಾರ್ವತಿ ಆಕ್ಸ್‌ಫರ್ಡಿಗೆ ಹೋದಳು, ಅವಳೂ ಕಮ್ಯುನಿಸ್ಟಳಾಗಿ ಬಂದಳು. ಊಟದ ಮನೆಯಲ್ಲೂ ರಾಜಕೀಯವೇ ಬೇಯುತ್ತಿದ್ದ ಆ ಕುಟುಂಬದಲ್ಲಿ ಹಿರಿಯ ಮಗ ಮಾತ್ರ ಯಾರೂ ಹಿಡಿಯದ ದಾರಿ ಹಿಡಿದ. ಫಿರಂಗಿ ಆರಿಸಿಕೊಂಡ.

ಇದು ಎಂಥ ಆಯ್ಕೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1857ರಲ್ಲಿ ಸಿಪಾಯಿಗಳು ಫಿರಂಗಿಗಳನ್ನು ಇಂಗ್ಲಿಷರ ಕಡೆಗೇ ತಿರುಗಿಸಿದ್ದನ್ನು ಅವರು ಮರೆಯಲೇ ಇಲ್ಲ. ದಂಗೆ ಅಡಗಿದ ಮೇಲೆ ಅವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಭಾರತೀಯರ ಕೈಯಿಂದ ಫಿರಂಗಿ ಕಿತ್ತುಕೊಂಡದ್ದು. ಬೆಟ್ಟದ ಗಡಿಗಳಲ್ಲಿ ಹೇಸರಗತ್ತೆಯ ಮೇಲೆ ಹೊರುವ ಸಣ್ಣ ಫಿರಂಗಿಗಳ ಪಡೆ ಬಿಟ್ಟರೆ, ಬಯಲು ಫಿರಂಗಿಯೆಲ್ಲ ಗೋರಾ ಸೈನಿಕರದು. ಕುದುರೆ ಹತ್ತಿಸಿದರು, ಬಂದೂಕು ಕೊಟ್ಟರು, ಫಿರಂಗಿ ಮಾತ್ರ ಕೊಡಲಿಲ್ಲ. ಇದು ಒಂದೆರಡು ವರ್ಷವಲ್ಲ, ಎಪ್ಪತ್ತೈದು ವರ್ಷಕ್ಕೂ ಮಿಕ್ಕಿ ನಡೆಯಿತು! ಮೊದಲ ಮಹಾಯುದ್ಧದ ಕೊನೆಗೆ ಭಾರತೀಯರಿಗೆ ಇಂಗ್ಲೆಂಡಿನ ಸೈನಿಕ ಅಕಾಡೆಮಿಯಾದ ಸ್ಯಾಂಡ್‌ಹರ್ಸ್ಟ್ ಬಾಗಿಲು ತೆರೆಯಿತಾದರೂ ಅದು ಕಾಲಾಳು ಮತ್ತು ಕುದುರೆ ದಳದ ಅಧಿಕಾರಿಗಳಿಗೆ. ಫಿರಂಗಿಯವರು ತಯಾರಾಗುತ್ತಿದ್ದ ವೂಲ್ವಿಚ್ ಅಕಾಡೆಮಿಯ ಬಾಗಿಲು ತೆರೆದದ್ದು ಅದಕ್ಕೂ ಎಷ್ಟೋ ವರ್ಷಗಳ ಮೇಲೆ. ಅಲ್ಲಿಂದ ಫಿರಂಗಿ ಅಧಿಕಾರಿಯಾಗಿ ಹೊರಬಂದ ಮೊದಲ ಭಾರತೀಯ ಪ್ರೇಮ್ ಸಿಂಗ್ ಗ್ಯಾನಿ. ಅವರ ಬೆನ್ನಿಗೇ, 1933ರಲ್ಲಿ, ಪ್ರಭಾಕರ ಕುಮಾರಮಂಗಲಂ. ಇಪ್ಪತ್ತು ವರ್ಷದ ಹುಡುಗ!

ಈ ಇಬ್ಬರನ್ನು ಎಲ್ಲಿಗೆ ಕಳಿಸುವುದು? ಭಾರತೀಯ ಸೈನಿಕರಿರುವ ಬಯಲು ಫಿರಂಗಿ ಪಡೆಯೇ ಇರಲಿಲ್ಲ. ಹೊಸದಾಗಿ ಕಟ್ಟಬೇಕಿತ್ತು. ಕಟ್ಟಿದ್ದು ಎಲ್ಲಿ ಎಂದಿರಿ? ನಮ್ಮ ಬೆಂಗಳೂರಿನಲ್ಲಿ!

1935ರ ಜನವರಿ 15ರಂದು ಬೆಂಗಳೂರಿನ ದಂಡಿನಲ್ಲಿ ‘ಎ ಫೀಲ್ಡ್ ಬ್ರಿಗೇಡ್’ ಹುಟ್ಟಿತು. ನಾಲ್ಕು ಬ್ಯಾಟರಿ, ಅಂದರೆ ಫಿರಂಗಿ ತುಕಡಿ, ಎಲ್ಲವೂ ಕುದುರೆ ಎಳೆಯುವ ಫಿರಂಗಿಗಳು. ಒಂದೊಂದು ಫಿರಂಗಿಗೆ ಆರು ಕುದುರೆ, ಎರಡೆರಡರಂತೆ ಮೂರು ಸಾಲು. ಪ್ರತಿ ಸಾಲಿನ ಎಡಗಡೆಯ ಕುದುರೆಯ ಮೇಲೆ ಒಬ್ಬ ಸವಾರ, ಅವನ ಬಲಗೈಯಲ್ಲಿ ಪಕ್ಕದ ಕುದುರೆಯ ಲಗಾಮು. ಹಿಂದೆ ಗುಂಡಿನ ಪೆಟ್ಟಿಗೆಯ ಬಂಡಿ, ಅದರ ಹಿಂದೆ ಫಿರಂಗಿ. ನಾಗಾಲೋಟದಲ್ಲಿ ಬಂದು, ಗಕ್ಕನೆ ತಿರುಗಿ, ಕೊಂಡಿ ಕಳಚಿ, ಕುದುರೆಗಳನ್ನು ಹಿಂದಕ್ಕೆ ಕಳಿಸಿ, ಕಣ್ಣು ಮಿಟುಕಿಸುವುದರೊಳಗೆ ಗುಂಡು ಹಾರಿಸಬೇಕು. ಒಂದು ಕುದುರೆ ಹೆಜ್ಜೆ ತಪ್ಪಿದರೂ ಆರೂ ಮುಗ್ಗರಿಸುತ್ತವೆ. ಈ ವಿದ್ಯೆಯನ್ನು ಭಾರತೀಯರು ಮತ್ತೆ ಕೈವಶ ಮಾಡಿಕೊಂಡದ್ದು ನಮ್ಮ ಕಂಟೋನ್ಮೆಂಟಿನ ನೆಲದಲ್ಲಿ. ಆ ಪಡೆಗೆ ಬಂದ ಮೊದಲ ಭಾರತೀಯ ಅಧಿಕಾರಿಗಳಲ್ಲಿ ಗ್ಯಾನಿ ಒಬ್ಬರು, ರಂಗರಾಯರ ಮೊಮ್ಮಗ ಇನ್ನೊಬ್ಬರು. ಇಂದಿನ ಭಾರತದ ಸೈನ್ಯದಲ್ಲಿರುವ ಬೊಫೋರ್ಸ್‌ನಿಂದ ಹಿಡಿದು ಕೆ-9 ವಜ್ರದವರೆಗಿನ ಫಿರಂಗಿಗಳ ಹಿಂದೆ ನಿಂತ ಬಯಲು ಫಿರಂಗಿ ಪರಂಪರೆಯ ಬುಡ ಅಲ್ಲಿದೆ, ಬೆಂಗಳೂರಿನಲ್ಲಿ! ಮುಂದೆ ಈ ಗ್ಯಾನಿ ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಮೊದಲ ದಳಪತಿಯಾದರು. ಅವರಿಂದ ಅಧಿಕಾರ ವಹಿಸಿಕೊಂಡವರು ಕೊಡಗಿನ ತಿಮ್ಮಯ್ಯ. ತಿಮ್ಮಯ್ಯ ತೀರಿಕೊಂಡದ್ದೂ ಆ ದ್ವೀಪದಲ್ಲೇ. ಹೇಗೆ ಎಳೆಗೆ ಎಳೆ ಸೇರುತ್ತದೆ ನೋಡಿ.

ಈಗ ಮತ್ತೆ ಮರಳುಗಾಡಿಗೆ. ಆದರೆ ಅದಕ್ಕೆ ಮುಂಚೆ ಮನೆಯ ಕಡೆ ಒಂದು ನೋಟ, ಯಾಕೆಂದರೆ ಈ ಕತೆಯ ಅತ್ಯಂತ ಬೆರಗಿನ ಘಟ್ಟ ಇದು. ಅಣ್ಣ ಇಂಗ್ಲೆಂಡಿನ ದೊರೆಯ ಸಮವಸ್ತ್ರ ತೊಟ್ಟು ಯುದ್ಧದಲ್ಲಿದ್ದ ಕಾಲಕ್ಕೆ, ತಮ್ಮ ಮೋಹನ ಅದೇ ದೊರೆಯ ಸರ್ಕಾರದ ವಿರುದ್ಧ ಒಳಸಂಚು ನಡೆಸಿದ ಆರೋಪದ ಮೇಲೆ ಕಟಕಟೆಯಲ್ಲಿ ನಿಂತಿದ್ದ! 1940–41ರ ಮದರಾಸು ಒಳಸಂಚು ಮೊಕದ್ದಮೆಯಲ್ಲಿ ಕಮ್ಯುನಿಸ್ಟ್ ನಾಯಕ ಪಿ. ರಾಮಮೂರ್ತಿಯವರ ಜೊತೆ ಮೋಹನ ಕುಮಾರಮಂಗಲಂ ಕೂಡ ಆರೋಪಿ. ಶಿಕ್ಷೆಯಾಗಿ ಜೈಲಿಗೆ ಹೋದ. ಅಪ್ಪ ಮದರಾಸಿನ ರಾಜಾಜಿ ಸಂಪುಟದಲ್ಲಿ ಕಾನೂನು ಮತ್ತು ವಿದ್ಯಾಮಂತ್ರಿಯಾಗಿದ್ದು ಯುದ್ಧ ಶುರುವಾದಾಗ ಕಾಂಗ್ರೆಸ್ಸಿನ ಜೊತೆ ರಾಜೀನಾಮೆ ಕೊಟ್ಟು ಬಂದವರು. ಒಬ್ಬ ಮಗ ಇಂಗ್ಲಿಷರ ಸೆರೆಯಲ್ಲಿ. ಇನ್ನೊಬ್ಬ ಇಂಗ್ಲಿಷರ ಸೈನ್ಯದಲ್ಲಿ. ಸ್ವಲ್ಪ ದಿನಕ್ಕೆ ಆ ಇನ್ನೊಬ್ಬನೂ ಸೆರೆಯಾಳು, ಈ ಸಲ ಶತ್ರುವಿನ ಕೈಯಲ್ಲಿ. ರಾಧಾಬಾಯಿಯವರ ಆ ವರ್ಷಗಳನ್ನು ಊಹಿಸಿಕೊಳ್ಳಲು ನನಗೆ ಎದೆ ಸಾಲದು. ಎರಡು ಸೆರೆಮನೆ, ಇಬ್ಬರು ಮಕ್ಕಳು, ಎರಡು ಖಂಡ.

ಮರಳುಗಾಡಿನ ಆ ಸಮರದಲ್ಲಿ ಕುಮಾರಮಂಗಲಂ ಸೆರೆಸಿಕ್ಕರು. ಪಾಯಿಂಟ್ 171ರಲ್ಲಿ ಸೆರೆಯಾದವರಲ್ಲಿ ಎಪ್ಪತ್ತು ದಾಟಿದ ಒಬ್ಬ ಬ್ರಿಟಿಷ್ ಅಡ್ಮಿರಲ್ ಇದ್ದರೆಂದರೆ ನಂಬುತ್ತೀರಾ? ಸರ್ ವಾಲ್ಟರ್ ಕೋವನ್. ನಿವೃತ್ತನಾದ ಮೇಲೂ ಸುಮ್ಮನಿರಲಾರದೆ ಭಾರತದ 18ನೇ ಕ್ಯಾವಲ್ರಿಯ ಜೊತೆ ಸೇರಿಕೊಂಡು, ಎದುರು ಬಂದ ಟ್ಯಾಂಕಿನವರ ಮೇಲೆ ಕೈಪಿಸ್ತೂಲಿನಲ್ಲಿ ಗುಂಡು ಹಾರಿಸಿದ ಮುದುಕ! ಅದೇ 18ನೇ ಕ್ಯಾವಲ್ರಿಯ ಇನ್ನೊಬ್ಬ ಯುವ ಅಧಿಕಾರಿ, ರಾಂಪುರದ ನವಾಬರ ಮನೆತನದ ಸಾಹಿಬ್‌ಜಾದಾ ಯಾಕೂಬ್ ಖಾನ್, ಅವರೂ ಸೆರೆಯಾಳು.

ಇಟಲಿಯ ಶಿಬಿರದಲ್ಲಿ ಭಾರತೀಯ ಅಧಿಕಾರಿಗಳನ್ನು ಒಟ್ಟಿಗೆ ಇಟ್ಟಿದ್ದರು. ತಂತಿಬೇಲಿಯ ಒಳಗೆ ಒಂದೇ ಗಂಜಿ ಕುಡಿದು, ಮನೆಯ ಕಾಗದಕ್ಕೆ ಕಾದು, ಒಟ್ಟಿಗೆ ತಪ್ಪಿಸಿಕೊಳ್ಳುವ ಹೊಂಚು ಹಾಕುತ್ತಿದ್ದ ಆ ಗುಂಪಿನಲ್ಲಿ ಇನ್ನೊಬ್ಬ ಕ್ಯಾಪ್ಟನ್ ಇದ್ದರು. ಅವರ ಹೆಸರು ಯಾಹ್ಯಾ ಖಾನ್. ಹೌದು, ಅದೇ ಯಾಹ್ಯಾ ಖಾನ್! 1966ರ ಜೂನ್‌ನಲ್ಲಿ ಕುಮಾರಮಂಗಲಂ ಭಾರತದ ಸೈನ್ಯದ ಮುಖ್ಯಸ್ಥರಾದರು. ಮೂರೇ ತಿಂಗಳ ಮೇಲೆ, ಅದೇ ಸೆಪ್ಟೆಂಬರಿನಲ್ಲಿ, ಯಾಹ್ಯಾ ಖಾನ್ ಪಾಕಿಸ್ತಾನದ ಸೈನ್ಯದ ಮುಖ್ಯಸ್ಥರಾದರು. ಒಂದೇ ಬೇಲಿಯ ಒಳಗಿದ್ದ ಇಬ್ಬರು, ಗಡಿಯ ಎರಡು ಕಡೆ, ಎರಡು ಸೈನ್ಯಗಳ ತಲೆಯಾಳುಗಳು! 1969ರ ಮಾರ್ಚಿನಲ್ಲಿ ಯಾಹ್ಯಾ ಪಾಕಿಸ್ತಾನದ ಆಡಳಿತವನ್ನೇ ಕೈಗೆ ತೆಗೆದುಕೊಂಡಾಗಲೂ ಇತ್ತ ಕುರ್ಚಿಯಲ್ಲಿದ್ದವರು ಕುಮಾರಮಂಗಲಂ. ಕಾದಂಬರಿಕಾರ ಬರೆದರೆ ಓದುಗರು ನಂಬುವುದಿಲ್ಲ.

1943ರ ಸೆಪ್ಟೆಂಬರಿನಲ್ಲಿ ಇಟಲಿ ಶರಣಾಯಿತು. ಜರ್ಮನರು ಬಂದು ಶಿಬಿರಗಳನ್ನು ವಶಕ್ಕೆ ತೆಗೆದುಕೊಳ್ಳುವ ಆ ಗೊಂದಲದ ಕಾಲದಲ್ಲಿ ಮೂವರು ಹೊರಬಿದ್ದರು: ಕುಮಾರಮಂಗಲಂ, ಯಾಕೂಬ್ ಖಾನ್, ಜೊತೆಗೆ ಇನ್ನೊಬ್ಬ ಭಾರತೀಯ ಅಧಿಕಾರಿ ಅಭಯ್ ಸಿಂಗ್. ಹಗಲು ಅವಿತು, ರಾತ್ರಿ ನಡೆದು, ದಕ್ಷಿಣದಲ್ಲಿದ್ದ ಮಿತ್ರಸೈನ್ಯದ ಕಡೆ ಹೆಜ್ಜೆ ಹಾಕಿದರು. ಇಟಲಿಯ ಬಡ ರೈತರು, ಜರ್ಮನರಿಗೆ ಗೊತ್ತಾದರೆ ತಮ್ಮ ತಲೆ ಉಳಿಯುವುದಿಲ್ಲವೆಂದು ತಿಳಿದೂ, ಈ ಮೂವರು ಪರದೇಶಿಗಳಿಗೆ ಸೂರು ಕೊಟ್ಟು ಉಣ್ಣಲಿಕ್ಕಿದರು. ಆದರೆ ದಾರಿಯಲ್ಲಿ ಕುಮಾರಮಂಗಲಂ ಬಿದ್ದು ಕಾಲಿನ ಹರಡು ಮುರಿದುಕೊಂಡರು. ಮುಂದೆ ನಡೆಯುವಂತಿಲ್ಲ. ಅಭಯ್ ಸಿಂಗ್ ಮುಂದೆ ಹೋಗಿ ಮಿತ್ರಸೈನ್ಯ ಸೇರಿದರು. ಯಾಕೂಬ್ ಮಾತ್ರ ಗೆಳೆಯನನ್ನು ಬಿಟ್ಟು ಕದಲಲಿಲ್ಲ. ಜರ್ಮನರು ಇಬ್ಬರನ್ನೂ ಹಿಡಿದು ಜರ್ಮನಿಯ ಶಿಬಿರಗಳಿಗೆ ಸಾಗಿಸಿದರು. ಯುದ್ಧ ಮುಗಿಯುವವರೆಗೂ ಬಿಡುಗಡೆ ಇಲ್ಲ.

ಮಂಗಳೂರಿನ ಸುಧಾರಕನ ಮೊಮ್ಮಗನಿಗಾಗಿ ಸ್ವಂತ ಬಿಡುಗಡೆ ಬಿಟ್ಟುಕೊಟ್ಟ ಈ ಯಾಕೂಬ್ ಖಾನ್ ಮುಂದೆ ಪಾಕಿಸ್ತಾನಕ್ಕೆ ಹೋದರು, ಜನರಲ್ ಆದರು. 1971ರಲ್ಲಿ ಪೂರ್ವ ಪಾಕಿಸ್ತಾನದಲ್ಲಿ ದಳಪತಿಯಾಗಿದ್ದಾಗ, ಜನರ ಮೇಲೆ ಸೈನ್ಯ ಹರಿಸಲು ಒಪ್ಪದೆ ರಾಜೀನಾಮೆ ಬಿಸಾಡಿದರು. ಆ ಆಜ್ಞೆಯ ಹಿಂದಿದ್ದವರು ಯಾರು? ಶಿಬಿರದ ಇನ್ನೊಬ್ಬ ಗೆಳೆಯ, ಯಾಹ್ಯಾ. ಉಪಖಂಡದ ಇತಿಹಾಸದ ಅರ್ಧ ಆ ಒಂದು ತಂತಿಬೇಲಿಯೊಳಗೆ ಸಾಲುಗಟ್ಟಿ ನಿಂತು ಗಂಜಿಗೆ ತಟ್ಟೆ ಹಿಡಿದಿತ್ತು.

ಸ್ವಾತಂತ್ರ್ಯದ ನಂತರದ ಹದಿನೈದು ವರ್ಷವನ್ನು ಬೇಗ ದಾಟೋಣ. ಬಡ್ತಿಯ ಮೇಲೆ ಬಡ್ತಿ ಬಂದ ಕಾಲ ಅದು. ಅತ್ತ ಅಪ್ಪ ಇಂಡೋನೇಷ್ಯಾಕ್ಕೆ ರಾಯಭಾರಿಯಾದರು, ನೆಹರೂ ಸಂಪುಟದಲ್ಲಿ ಸಾರಿಗೆ ಸಂಪರ್ಕ ಸಚಿವರಾದರು. ಮಹಾರಾಷ್ಟ್ರದ ರಾಜ್ಯಪಾಲರಾಗಿದ್ದಾಗಲೇ 1962ರ ಅಕ್ಟೋಬರ್ 6ರಂದು ಕಣ್ಣುಮುಚ್ಚಿದರು. ಎರಡೇ ವಾರಕ್ಕೆ ಚೀನಾ ಗಡಿಯಲ್ಲಿ ಯುದ್ಧ ಹೊತ್ತಿಕೊಂಡಿತು. ಆ ಸೋಲಿನ ಗಾಯ ಹಸಿಯಾಗಿದ್ದಾಗ, 1963ರಲ್ಲಿ, ಚೀನಾ ಗಡಿಯನ್ನೇ ನೋಡಿಕೊಳ್ಳುವ ಪೂರ್ವ ಕಮಾಂಡಿನ ಹೊಣೆ ಮಗನ ಹೆಗಲೇರಿತು. ಅವರ ನಂತರ ಆ ಹುದ್ದೆಗೆ ಬಂದವರು ಮಾಣಿಕ್ ಶಾ. 1965ರ ಪಾಕಿಸ್ತಾನ ಯುದ್ಧದ ಹೊತ್ತಿಗೆ ಕುಮಾರಮಂಗಲಂ ಸೈನ್ಯದ ಉಪಮುಖ್ಯಸ್ಥರು.

ಇಲ್ಲೊಂದು ಸೋಜಿಗ. ಆಗ ಮುಖ್ಯಸ್ಥರಾಗಿದ್ದ ಜನರಲ್ ಜೆ.ಎನ್. ಚೌಧುರಿಯವರೂ ರಾಜಕೀಯ ಮನೆತನದ ಕುಡಿಯೇ. ಕಾಂಗ್ರೆಸ್ಸಿನ ಮೊಟ್ಟಮೊದಲ ಅಧ್ಯಕ್ಷ ಡಬ್ಲ್ಯು.ಸಿ. ಬ್ಯಾನರ್ಜಿಯವರ ಮಗಳ ಮಗ! 1948ರಲ್ಲಿ ಹೈದರಾಬಾದಿಗೆ ಟ್ಯಾಂಕು ನುಗ್ಗಿಸಿ, ಕಲಬುರಗಿ, ಬೀದರ, ರಾಯಚೂರು ಸೇರಿದ ಆ ಸಂಸ್ಥಾನಕ್ಕೆ ಸೇನಾ ಗವರ್ನರ್ ಆಗಿದ್ದವರೂ ಇವರೇ. ಕಾಂಗ್ರೆಸ್ಸಿನ ಮೊದಲ ಅಧ್ಯಕ್ಷರ ಮೊಮ್ಮಗನಿಂದ ಕುದ್ಮುಲ್ ರಂಗರಾಯರ ಮೊಮ್ಮಗನಿಗೆ ಭಾರತದ ಸೈನ್ಯ ಹಸ್ತಾಂತರವಾಯಿತು. ಇಬ್ಬರೂ ತಾಯಿಯ ಕಡೆಯಿಂದಲೇ! ಸುತ್ತಮುತ್ತಲ ದೇಶಗಳಲ್ಲಿ ಜನರಲ್‌ಗಳು ಒಬ್ಬೊಬ್ಬರಾಗಿ ಸಿಂಹಾಸನ ಹತ್ತುತ್ತಿದ್ದ ಆ ಕಾಲದಲ್ಲಿ, ರಾಜಕೀಯವನ್ನು ತೊಟ್ಟಿಲಲ್ಲೇ ಕಂಡ ಈ ಇಬ್ಬರು ಜನರಲ್‌ಗಳು ಅವಧಿ ಮುಗಿದ ದಿನ ಕೋಲು ಕೆಳಗಿಟ್ಟು ಹೊರನಡೆದರು. ಅಧಿಕಾರದ ಒಳಮನೆಯನ್ನು ಹತ್ತಿರದಿಂದ ನೋಡಿದವರಿಗೆ ಅದರ ಮೇಲೆ ಮೋಹ ಹುಟ್ಟುವುದು ಕಷ್ಟ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

1966ರಲ್ಲಿ ಪ್ರಧಾನಿ ಇಂದಿರಾ ಗಾಂಧಿ. ತಮ್ಮ ಮೋಹನ ಮತ್ತು ಇಂದಿರಾ ಇಬ್ಬರೂ ಮೂವತ್ತರ ದಶಕದ ಇಂಗ್ಲೆಂಡಿನಲ್ಲಿ ಓದಿದವರು, ಫಿರೋಜ್ ಗಾಂಧಿ, ಜ್ಯೋತಿ ಬಸು ಇದ್ದ ಅದೇ ವಿದ್ಯಾರ್ಥಿ ವಲಯದವರು. ಅಣ್ಣ ಸೈನ್ಯದ ಮುಖ್ಯಸ್ಥ. ತಂಗಿ ಪಾರ್ವತಿ ಕೃಷ್ಣನ್ ಆ ಹೊತ್ತಿಗಾಗಲೇ ಸಂಸತ್ತಿನ ಎರಡೂ ಸದನ ಕಂಡ, ಹೋರಾಟಕ್ಕೆ ಹೆಸರಾದ ಕಮ್ಯುನಿಸ್ಟ್ ನಾಯಕಿ. ಚೀನಾ ಯುದ್ಧವಾಗಿ ನಾಲ್ಕೇ ವರ್ಷ; ಕಮ್ಯುನಿಸ್ಟ್ ಎಂದರೆ ಜನ ಹುಬ್ಬುಗಂಟಿಕ್ಕುತ್ತಿದ್ದ ಸಮಯ. ಬೇರೆ ದೇಶವಾಗಿದ್ದರೆ ಇಂಥ ಒಡಹುಟ್ಟಿದವರಿರುವ ಅಧಿಕಾರಿಗೆ ಒಂದು ಮದ್ದಿನ ಮನೆಯ ಬೀಗದ ಕೈಯನ್ನೂ ಕೊಡುತ್ತಿರಲಿಲ್ಲವೇನೋ. ಭಾರತ ಇಡೀ ಸೈನ್ಯವನ್ನೇ ಕೊಟ್ಟಿತು!

ಆ ನಂಬಿಕೆಯ ಪರೀಕ್ಷೆ 1967ರ ಸೆಪ್ಟೆಂಬರಿನಲ್ಲಿ ಬಂತು, ಸಿಕ್ಕಿಂನ ನಾಥೂ ಲಾದಲ್ಲಿ. ಹದಿನಾಲ್ಕು ಸಾವಿರ ಅಡಿಗೂ ಎತ್ತರದ ಕಣಿವೆದಾರಿ. ನಮ್ಮವರೂ ಚೀನೀಯರೂ ಮುಖಕ್ಕೆ ಮುಖ ಕೊಟ್ಟು ನಿಂತಿದ್ದ ಜಾಗ. ಗಡಿ ಗುರುತಿಗೆ ಮುಳ್ಳುತಂತಿ ಎಳೆಯಲು ನಮ್ಮವರು ಹೊರಟರು. ಚೀನೀಯರು ಅಡ್ಡ ಬಂದರು, ತಳ್ಳಾಟವಾಯಿತು. ಸೆಪ್ಟೆಂಬರ್ 11ರ ಬೆಳಿಗ್ಗೆ ಬಯಲಲ್ಲಿ ತಂತಿ ಕಟ್ಟುತ್ತಿದ್ದವರ ಮೇಲೆ ಮೆಷಿನ್‌ಗನ್ ಸಿಡಿಯಿತು. ಕ್ಷಣಗಳಲ್ಲಿ ಹೆಣಗಳು ಬಿದ್ದವು. ಆಗ ನಮ್ಮ ಫಿರಂಗಿಗಳು ಬಾಯಿಬಿಟ್ಟವು. ಸೆಬು ಲಾ ಮತ್ತು ಒಂಟೆಬೆನ್ನಿನ ಆಕಾರದ ಇನ್ನೊಂದು ಏಣು ನಮ್ಮ ಕೈಯಲ್ಲಿದ್ದವು. ಅಲ್ಲಿ ಕೂತ ವೀಕ್ಷಕರಿಗೆ ಆಚೆ ಕಣಿವೆಯಲ್ಲಿ ಪ್ರತಿ ಗುಂಡು ಬೀಳುವುದೂ ಕಾಣುತ್ತಿತ್ತು. ಇನ್ನೂರು ಗಜ ಎಡಕ್ಕೆ, ನೂರು ಗಜ ಮುಂದಕ್ಕೆ ಎಂದು ತಿದ್ದುತ್ತಾ ಹೋದರು. ಮೇಲಿನಿಂದ ಹಾಗೆ ಇಣುಕುವ ಅನುಕೂಲ ಚೀನೀಯರಿಗೆ ಇರಲಿಲ್ಲ. ಹಗಲೂ ರಾತ್ರಿ ಮೂರು ದಿನ. 14ರ ಹೊತ್ತಿಗೆ ಗುಂಡಿನ ಸದ್ದು ನಿಂತಿತು. ಅಕ್ಟೋಬರ್ 1ರಂದು ಹತ್ತಿರದ ಚೋ ಲಾ ಕಣಿವೆದಾರಿಯಲ್ಲಿ ಮತ್ತೊಂದು ಚಕಮಕಿ, ಅಲ್ಲೂ ನಮ್ಮವರು ಜಗ್ಗಲಿಲ್ಲ. ಎರಡೂ ಕಾಳಗಗಳಲ್ಲಿ ಸೇರಿ ನಮ್ಮ 88 ಮಂದಿ ಪ್ರಾಣ ಕೊಟ್ಟರು.

ನಾಥೂ ಲಾದಲ್ಲಿ ನಿಂತು ಕಾದಿದ ಕೀರ್ತಿ ಅಲ್ಲಿನ ಡಿವಿಷನ್ನಿನ ದಳಪತಿ ಸಗತ್ ಸಿಂಗ್ ಅವರಿಗೆ, ಅವರ ಸೈನಿಕರಿಗೆ ಸಲ್ಲಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯೋಚಿಸಿ ನೋಡಿ: ದೆಹಲಿಯಲ್ಲಿ ಮುಖ್ಯಸ್ಥರ ಕುರ್ಚಿಯಲ್ಲಿ ಆಗ ಕೂತಿದ್ದವರು ಭಾರತದ ಸೈನ್ಯಕ್ಕೆ ಮುಖ್ಯಸ್ಥರಾದ ಮೊದಲ ಫಿರಂಗಿಯವರು. ಎಪ್ಪತ್ತೈದು ವರ್ಷ ನಮ್ಮ ಕೈಗೆ ಫಿರಂಗಿ ಕೊಡಲೊಲ್ಲದ ದೇಶದಲ್ಲಿ, ಬೆಂಗಳೂರಿನ ಮೈದಾನದಲ್ಲಿ ಕುದುರೆ ಫಿರಂಗಿಯಿಂದ ಶುರುಮಾಡಿದ ಹುಡುಗ, ಫಿರಂಗಿಗಳೇ ಗೆಲ್ಲಿಸಿಕೊಟ್ಟ ಕಾಳಗದ ಹೊತ್ತಿಗೆ ಇಡೀ ಸೈನ್ಯದ ತಲೆಯಾಳು! 1962ರ ಸೋಲಿನಿಂದ ತಲೆತಗ್ಗಿಸಿದ್ದ ಸೈನ್ಯ ಚೀನೀಯರ ಎದುರು ತಲೆ ಎತ್ತಿ ನಿಂತದ್ದು ಇವರ ಕಾಲದಲ್ಲಿ. 1967 ಎಂದರೆ ನಮಗೆ ಇವರ ಹೆಸರೇ ನೆನಪಾಗುವುದಿಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

1969ರಲ್ಲಿ ಕುಮಾರಮಂಗಲಂ ಮಾಣಿಕ್ ಶಾ ಅವರ ಕೈಗೆ ಸೈನ್ಯ ಒಪ್ಪಿಸಿದರು. ಇಂಗ್ಲೆಂಡಿನ ಅಕಾಡೆಮಿಗಳಲ್ಲಿ ಕಲಿತು, ದೊರೆಯ ಸನ್ನದು ಪಡೆದು ಬಂದವರ ಪೈಕಿ ಭಾರತದ ಸೈನ್ಯವನ್ನು ಆಳಿದ ಕೊನೆಯವರು ಇವರು. ಮಾಣಿಕ್ ಶಾ ಡೆಹ್ರಾಡೂನಿನಲ್ಲಿ ತಯಾರಾದವರು. ಮರುವರ್ಷ ಪದ್ಮವಿಭೂಷಣ ಬಂತು. ಚುನಾವಣೆಗೆ ನಿಲ್ಲಲಿಲ್ಲ, ಪಕ್ಷ ಸೇರಲಿಲ್ಲ. ಮುಖ್ಯಮಂತ್ರಿಯ ಮಗನಿಗೆ, ಅದೂ ಜನರಲ್‌ಗೆ, ಟಿಕೆಟು ಕೊಡುವವರಿಗೇನು ಬರವಿತ್ತೇ? ಅವರ ಪ್ರೀತಿ ಕುದುರೆ, ಪೋಲೋ.

ರಾಜಕೀಯವನ್ನು ಮನೆಯ ಉಳಿದವರು ನೋಡಿಕೊಂಡರು. ಮೋಹನ ಕಾಂಗ್ರೆಸ್ಸಿಗೆ ಬಂದು, 1971ರಲ್ಲಿ ಇಂದಿರಾ ಸಂಪುಟ ಸೇರಿ, ಉಕ್ಕು ಮತ್ತು ಗಣಿ ಸಚಿವನಾಗಿ ಕಲ್ಲಿದ್ದಲಿನ ರಾಷ್ಟ್ರೀಕರಣಕ್ಕೆ ಟೊಂಕಕಟ್ಟಿದ. 1973ರ ಮೇ 31ರಂದು ದೆಹಲಿಯ ಬಳಿ ವಿಮಾನ ಬಿದ್ದು ತೀರಿಕೊಂಡ. ಅವನ ಮಗ ರಂಗರಾಜನ್ ಕುಮಾರಮಂಗಲಂ ಕಾಂಗ್ರೆಸ್ಸಿನಿಂದ ಬಿಜೆಪಿಗೆ ಹೋಗಿ ವಾಜಪೇಯಿ ಸರ್ಕಾರದಲ್ಲಿ ವಿದ್ಯುತ್ ಸಚಿವರಾದರು. ಜನರಲ್ 2000ದ ಮಾರ್ಚ್ 13ರಂದು ಕಣ್ಣುಮುಚ್ಚಿದರು, ಅದೇ ಆಗಸ್ಟಿನಲ್ಲಿ ರಂಗರಾಜನ್ ಕೂಡ ಹೋದರು. ಪಾರ್ವತಿ ಕೃಷ್ಣನ್ ಮಾತ್ರ ಯಾವ ಕಡೆಗೂ ವಾಲಲಿಲ್ಲ. 1957ರಲ್ಲಿ ಗೆದ್ದ ಕೊಯಮತ್ತೂರನ್ನೇ 1974ರಲ್ಲೂ 1977ರಲ್ಲೂ ಗೆದ್ದು, ಗಿರಣಿ ಕಾರ್ಮಿಕರ ನಡುವೆಯೇ ಮುದುಕಿಯಾಗಿ, ಕೆಂಬಾವುಟ ಬಿಡದೆ, 2014ರ ಫೆಬ್ರುವರಿಯಲ್ಲಿ ತೊಂಬತ್ತನಾಲ್ಕನೆಯ ವಯಸ್ಸಿಗೆ ಹೋದರು. ಕುದ್ಮುಲ್ ರಂಗರಾಯರ ಮಗಳ ಮಕ್ಕಳಲ್ಲಿ ಅವರೇ ಕಿರಿಯರು.